ಒಂದು ರಾತ್ರಿ, ಮೂರು ರಾತ್ರಿ, ಒಂದು ವಾರ: ಕಯಾಕ್ ಕ್ಯಾಂಪಿಂಗ್‌ಗೆ ಏನೇನು ಕಟ್ಟಿಕೊಳ್ಳಬೇಕು?

ಹಿನ್ನೀರ ಹಾದಿ

ಎಲ್ಲರಿಗೂ ನಮಸ್ಕಾರ. ಈ ಸಲ ಮೂರು ಟ್ರಿಪ್ ಒಟ್ಟೊಟ್ಟಿಗೆ ಗೊತ್ತಾಗಿವೆ. ಡಿಸೆಂಬರ್‌ನಲ್ಲಿ ಹೊನ್ನೆಮರಡು, ದಡದಲ್ಲಿ ಒಂದು ರಾತ್ರಿ ಟೆಂಟ್. ಫೆಬ್ರವರಿಯಲ್ಲಿ ಅದೇ ಶರಾವತಿಯ ಲಿಂಗನಮಕ್ಕಿ ಹಿನ್ನೀರಿನಲ್ಲಿ ಮೂರು ರಾತ್ರಿ, ಸಾಮಾನೆಲ್ಲ ಕಯಾಕ್‌ನಲ್ಲೇ (ಹುಟ್ಟು ಹಾಕುವ ಕಿರಿದಾದ ದೋಣಿ) ಹಾಕಿಕೊಂಡು ಜಾಗ ಬದಲಿಸುತ್ತಾ ಹೋಗುವುದು. ಆಗಸ್ಟ್‌ನಲ್ಲಿ ಟೊರಾಂಟೊದಲ್ಲಿರುವ ತಮ್ಮನ ಜೊತೆ ಕೆನಡಾದ ಆಲ್ಗಾಂಕ್ವಿನ್ ಪಾರ್ಕ್‌ನಲ್ಲಿ ಒಂದು ವಾರ ಕನೂ (ಮೇಲ್ಭಾಗ ತೆರೆದ ಹುಟ್ಟಿನ ದೋಣಿ). ಹಿನ್ನೀರಿನ ಎರಡೂ ಟ್ರಿಪ್‌ಗೆ ನಾವು ನಾಲ್ಕು ಜನ.

ಒಂದು ರಾತ್ರಿಗೆ ಅಂತ ಗುಡ್ಡೆ ಹಾಕಿದ ಸಾಮಾನನ್ನು ತೂಕ ಮಾಡಿ ನೋಡಿದೆ. ನೀರು ಬಿಟ್ಟು ತಲೆಗೆ 14 ಕೆ.ಜಿ. ಬರುತ್ತಿದೆ. ಒಂದು ರಾತ್ರಿಗೇ ಇಷ್ಟಾದರೆ ಮೂರಕ್ಕೆ ಎಷ್ಟು, ಏಳಕ್ಕೆ ಎಷ್ಟು? ಯಾವ ಸಾಮಾನು ದಿನದ ಲೆಕ್ಕದಲ್ಲಿ ಜಾಸ್ತಿ ಆಗುತ್ತದೆ, ಯಾವುದು ಆಗುವುದಿಲ್ಲ ಅನ್ನುವುದನ್ನು ನೀರಿಗೆ ಇಳಿದವರು ಹೇಳಿ. ಅಂಗಡಿಯವರ ಪಟ್ಟಿ ಬೇಡ, ಅದನ್ನು ನೋಡಿಯೇ ಇಷ್ಟಾಗಿದೆ.

ಕಾಳಿ ತೀರ

ದಿನಕ್ಕೆ ತಕ್ಕಂತೆ ಬೆಳೆಯುವುದು ಊಟ, ಗ್ಯಾಸ್, ಬ್ಯಾಟರಿ. ಅಷ್ಟೇ. ಉಳಿದದ್ದೆಲ್ಲ ಒಂದು ರಾತ್ರಿಗೂ ಅದೇ, ಏಳು ರಾತ್ರಿಗೂ ಅದೇ.

ಸೀತಾನದಿ

"ಅಷ್ಟೇ" ಅಂದರೆ ಒಪ್ಪುವುದಿಲ್ಲ. ದಿನ ಎಷ್ಟು ಅನ್ನುವುದಕ್ಕಿಂತ ರಸ್ತೆಯಿಂದ ಎಷ್ಟು ದೂರ ಇದ್ದೀರಿ ಅನ್ನುವುದು ಮುಖ್ಯ. ಹೊನ್ನೆಮರಡು ದಡದಲ್ಲಿ ಕಾಲು ಕೊಯ್ದರೆ ಗಾಡಿ ಹತ್ತಿಸಿ ಸಾಗರ ಪೇಟೆಗೆ ಕರೆದುಕೊಂಡು ಹೋಗಬಹುದು. ಹಿನ್ನೀರಿನ ಮಧ್ಯದ ಗುಡ್ಡದಲ್ಲಿ ಕೊಯ್ದರೆ ಮೊದಲು ಹುಟ್ಟು ಹಾಕಬೇಕು. ಔಷಧಿ ಪೆಟ್ಟಿಗೆ, ರಿಪೇರಿ ಸಾಮಾನು, ಹೆಚ್ಚುವರಿ ಹುಟ್ಟು ಇವೆಲ್ಲ ದೂರಕ್ಕೆ ತಕ್ಕಂತೆ ಬದಲಾಗುತ್ತವೆ.

ಕಾಳಿ ತೀರ

ಸರಿ, ಔಷಧಿ ಮತ್ತು ರಿಪೇರಿ ಸೇರಿಸಿಕೊಳ್ಳಿ. ಆದರೂ ಅದು ಅರ್ಧ ಕಿಲೋ ಮಾತು. ಇವರ 14 ಕೆ.ಜಿ. ಎಲ್ಲಿಂದ ಬಂತು ಅನ್ನುವುದು ಪ್ರಶ್ನೆ. ಬಟ್ಟೆ ಎಷ್ಟು ಜೊತೆ ಇಟ್ಟಿದ್ದೀರಿ?

ಹಿನ್ನೀರ ಹಾದಿ

ನಾಲ್ಕು ಜೊತೆ. ಒಂದು ಜೀನ್ಸ್, ಒಂದು ಸ್ವೆಟರ್, ದೊಡ್ಡ ಟವೆಲ್.

ಕಾಳಿ ತೀರ

ಉತ್ತರ ಸಿಕ್ಕಿತಲ್ಲ.

ನೀರಿನ ಟ್ರಿಪ್‌ಗೆ ಬಟ್ಟೆ ಎರಡೇ ಜೊತೆ. ಒಂದು ಒದ್ದೆ ಜೊತೆ, ಒಂದು ಒಣ ಜೊತೆ. ಒದ್ದೆಯದ್ದನ್ನು ಹಗಲು ಹುಟ್ಟು ಹಾಕುವಾಗ ಹಾಕಿಕೊಳ್ಳುವುದು. ಸಂಜೆ ದಡಕ್ಕೆ ಬಂದ ಮೇಲೆ ಅದನ್ನು ಹಿಂಡಿ ಹಗ್ಗಕ್ಕೆ ಹಾಕಿ, ಒಣ ಜೊತೆಗೆ ಬದಲಾಗುವುದು. ಬೆಳಿಗ್ಗೆ ಎದ್ದು ಮತ್ತೆ ಆ ತಣ್ಣನೆಯ ಒದ್ದೆ ಬಟ್ಟೆಯನ್ನೇ ಹಾಕಿಕೊಳ್ಳಬೇಕು. ಎಲ್ಲರೂ ತಪ್ಪುವುದು ಇಲ್ಲೇ. ಐದು ನಿಮಿಷದ ಚಳಿಗೆ ಹೆದರಿ ಒಣ ಬಟ್ಟೆಯಲ್ಲಿ ದೋಣಿ ಹತ್ತುತ್ತಾರೆ, ಆ ರಾತ್ರಿ ಮಲಗುವುದಕ್ಕೆ ಒಣ ಬಟ್ಟೆಯೇ ಇರುವುದಿಲ್ಲ. ಈ ನಿಯಮ ಪಾಲಿಸಿದರೆ ಎರಡು ಜೊತೆಯಲ್ಲಿ ಹತ್ತು ದಿನ ಬೇಕಾದರೂ ಕಳೆಯಬಹುದು.

ಜೀನ್ಸ್ ಮನೆಯಲ್ಲೇ ಬಿಡಿ. ನೆನೆದ ಜೀನ್ಸ್ ಡಿಸೆಂಬರ್ ಇಬ್ಬನಿಯಲ್ಲಿ ಮರುದಿನ ಮಧ್ಯಾಹ್ನದವರೆಗೂ ಒಣಗುವುದಿಲ್ಲ. ಪಾಲಿಯೆಸ್ಟರ್ ಟೀ ಶರ್ಟ್, ತೆಳು ಪ್ಯಾಂಟ್ ಸಾಕು. ಸ್ವೆಟರ್ ಬದಲು ಫ್ಲೀಸ್ (ಬೇಗ ಒಣಗುವ ಬೆಚ್ಚನೆಯ ಜಾಕೆಟ್). ಒಂದು ಮಳೆ ಜಾಕೆಟ್, ಅದು ಗಾಳಿಗೂ ಆಗುತ್ತದೆ.

ಬೈರಾಸು

ದೊಡ್ಡ ಟವೆಲ್ ಬದಲು ನಮ್ಮ ಕಡೆಯ ತೆಳು ಬೈರಾಸು ತೆಗೆದುಕೊಳ್ಳಿ. ಮೈ ಒರೆಸಬಹುದು, ಬಿಸಿಲಿಗೆ ತಲೆಗೆ ಸುತ್ತಬಹುದು, ಬಿಸಿ ಪಾತ್ರೆ ಹಿಡಿಯಬಹುದು, ಕೈ ಮುರಿದರೆ ಜೋಳಿಗೆ ಕಟ್ಟಬಹುದು. ಅರ್ಧ ಗಂಟೆ ಗಾಳಿ ಬಿದ್ದರೆ ಒಣಗುತ್ತದೆ.

ತುಂಗೆಯ ಮೊಮ್ಮಗ

ಲುಂಗಿ ಮರೆತಿರಾ? ಮಲಗುವುದಕ್ಕೆ ಲುಂಗಿಗಿಂತ ಸುಖ ಯಾವುದಿದೆ.

ಬೈರಾಸು

ಲುಂಗಿ ಒಣ ಜೊತೆಯಲ್ಲಿ ಬರಲಿ, ಅಭ್ಯಂತರ ಇಲ್ಲ. ಆದರೆ ಸಂಜೆ ಬೆಂಕಿ ಹತ್ತಿರ, ಇಂಬಳ ಇರುವ ಜಾಗದಲ್ಲಿ ಉದ್ದ ಪ್ಯಾಂಟ್ ಬೇಕೇ ಬೇಕು.

ಸಾಗರದವಳು

ಇಂಬಳ ಇರಲಿ, ಅದು ಮಳೆಗಾಲದ ಮಾತು. ನೀವೆಲ್ಲ ಬಟ್ಟೆ ತೂಕ ಮಾತಾಡುತ್ತಿದ್ದೀರಿ, ಫೆಬ್ರವರಿಯಲ್ಲಿ ಶರಾವತಿ ಕಣಿವೆ ಅಂದ ತಕ್ಷಣ ನಮ್ಮ ಊರಿನವರಿಗೆ ನೆನಪಾಗುವುದು ಮಂಗನ ಕಾಯಿಲೆ. ಯಾರೂ ಬರೆಯಲಿಲ್ಲ, ಅದಕ್ಕೆ ನಾನು ಬರೆಯುತ್ತಿದ್ದೇನೆ.

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಕಾಯಿಲೆ ಇದು. ಉಣುಗು (ಉಣ್ಣೆ ಹುಳ) ಕಚ್ಚಿ ಬರುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಜಾಸ್ತಿ, ಅಂದರೆ ಸರಿಯಾಗಿ ನಿಮ್ಮ ಕ್ಯಾಂಪಿಂಗ್ ಸೀಸನ್. 2018-19ರಲ್ಲಿ ನಮ್ಮ ಸಾಗರ ತಾಲೂಕಿನ ಅರಳಗೋಡು ಭಾಗದಲ್ಲಿ ಜನ ಸತ್ತಿದ್ದಾರೆ. ಅರಳಗೋಡು ಎಲ್ಲಿದೆ ಅಂತ ನಕ್ಷೆ ತೆಗೆದು ನೋಡಿ, ಇದೇ ಹಿನ್ನೀರಿನ ಸೀಮೆ.

ಹೆದರಿ ಬರಬೇಡಿ ಅನ್ನುತ್ತಿಲ್ಲ. ಪಟ್ಟಿಯಲ್ಲಿ ಇವು ಇರಲಿ: ಉದ್ದ ತೋಳಿನ ಅಂಗಿ, ಉದ್ದ ಪ್ಯಾಂಟ್, ಪ್ಯಾಂಟನ್ನು ಒಳಗೆ ಸೇರಿಸುವಷ್ಟು ಉದ್ದದ ಸಾಕ್ಸ್, ಒಂದು ಚೂಪು ಚಿಮಟ, ಮತ್ತು ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ. ಹಿಂದೆ ಡಿಎಂಪಿ ಎಣ್ಣೆ ಕೊಡುತ್ತಿದ್ದರು, ಆಮೇಲೆ ಡೆಪಾ ಬಂತು. ತರಗೆಲೆ ಮೇಲೆ ಕೂರಬೇಡಿ, ಮಲಗಬೇಡಿ. ಟೆಂಟನ್ನು ಕಾಡಿನ ಅಂಚಿನಲ್ಲಿ ಹಾಕದೆ ಬಯಲು ದಡದಲ್ಲಿ ಹಾಕಿ. ಸಂಜೆ ಮೈಯೆಲ್ಲ ನೋಡಿಕೊಳ್ಳಿ, ಕಂಕುಳು, ಸೊಂಟ, ಮಂಡಿ ಹಿಂದೆ. ಮರಿ ಉಣುಗು ಎಳ್ಳಿನ ಕಾಳಿಗಿಂತ ಚಿಕ್ಕದಿರುತ್ತದೆ, ಬ್ಯಾಟರಿ ಬೆಳಕು ಹಾಕಿಯೇ ಹುಡುಕಬೇಕು.

ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಆರೋಗ್ಯ ಇಲಾಖೆಯವರಿಗೆ ತಿಳಿಸಿ. ಊರಿಗೆ ಹೋದ ಮೇಲೆ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಜೋರು ಮೈಕೈ ನೋವು ಬಂದರೆ ಡಾಕ್ಟರ್‌ಗೆ "ಶರಾವತಿ ಕಾಡಿಗೆ ಹೋಗಿದ್ದೆ" ಅಂತ ಮೊದಲು ಹೇಳಿ. ಉಣುಗು ಕಚ್ಚಿದ 3ರಿಂದ 8 ದಿನಕ್ಕೆ ಜ್ವರ ಕಾಣಿಸುತ್ತದೆ. ಅಷ್ಟು ಹೊತ್ತಿಗೆ ನೀವು ಬೆಂಗಳೂರಿನಲ್ಲಿ ಇರುತ್ತೀರಿ, ಅಲ್ಲಿನ ಡಾಕ್ಟರ್‌ಗೆ ಡೆಂಗ್ಯೂ ಹೊಳೆಯುತ್ತದೆ, ಇದು ಹೊಳೆಯುವುದಿಲ್ಲ.

ಹಿನ್ನೀರ ಹಾದಿ

ಅಕ್ಕಾ, ತುಂಬಾ ಥ್ಯಾಂಕ್ಸ್. ಇದು ಯಾವ ಪಟ್ಟಿಯಲ್ಲೂ ಇರಲಿಲ್ಲ. ಎಣ್ಣೆ ಎಲ್ಲಿ ಸಿಗುತ್ತದೆ?

ಸಾಗರದವಳು

ಸೀಸನ್‌ನಲ್ಲಿ ಇಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದವರು ಹಳ್ಳಿಯವರಿಗೆ ಹಂಚುತ್ತಾರೆ. ಅದು ಕಾಡಿಗೆ ಹೋಗಿಯೇ ಬದುಕಬೇಕಾದವರ ಪಾಲು. ನೀವು ಪೇಟೆಯಲ್ಲೇ ಡೀಟ್ ಇರುವ ಕ್ರೀಮ್ ಕೊಂಡುಕೊಂಡು ಬನ್ನಿ. ಯಾವ ಊರಲ್ಲಿ ಕೇಸ್ ಇದೆ ಅಂತ ಮಾತ್ರ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ ಕೇಳಿ. ಕೇಸ್ ಇದ್ದರೆ ಟ್ರಿಪ್ ಮುಂದಕ್ಕೆ ಹಾಕಿ.

ಹರಿಗೋಲು

ಬ್ಯಾಗ್ ವಿಷಯಕ್ಕೆ ಬರೋಣ. ಕಯಾಕ್‌ಗೆ ಒಂದು ದೊಡ್ಡ ಡ್ರೈ ಬ್ಯಾಗ್ (ನೀರು ಒಳಹೋಗದ ಚೀಲ) ಕೊಳ್ಳಬೇಡಿ. ಐದು ಲೀಟರ್, ಹತ್ತು ಲೀಟರ್‌ನ ಚಿಕ್ಕವು ನಾಲ್ಕೈದು ತೆಗೆದುಕೊಳ್ಳಿ. ಕಯಾಕ್‌ನ ಹ್ಯಾಚ್, ಅಂದರೆ ಸಾಮಾನು ತುಂಬುವ ಖಾನೆ, ಅದರ ಬಾಯಿ ಚಿಕ್ಕದು. ದೊಡ್ಡ ಚೀಲ ಅರ್ಧ ಹೋಗಿ ಸಿಕ್ಕಿಕೊಂಡರೆ ಆಚೆಗೂ ಇಲ್ಲ ಈಚೆಗೂ ಇಲ್ಲ. ಚಿಕ್ಕವಾದರೆ ಮೂಲೆ ಮೂಲೆಗೆ ತಳ್ಳಬಹುದು.

ಕಟ್ಟುವ ರೀತಿ ನೋಡಿ. ಚೀಲವನ್ನು ಪೂರ್ತಿ ತುಂಬಬೇಡಿ, ಕಾಲು ಭಾಗ ಖಾಲಿ ಇರಲಿ. ಬಾಯಿಯ ಎರಡು ಪಟ್ಟಿಗಳನ್ನು ಸುಕ್ಕಿಲ್ಲದಂತೆ ಜೋಡಿಸಿ. ಮಂಡಿಯೂರಿ ಚೀಲದ ಮೇಲೆ ಭಾರ ಹಾಕಿ ಗಾಳಿ ಹೊರಡಿಸಿ. ಆಮೇಲೆ ಬಿಗಿಯಾಗಿ ಮೂರು ಸುತ್ತು ಸುತ್ತಿ, ಕ್ಲಿಪ್ ಹಾಕಿ. ಎರಡು ಸುತ್ತಾದರೆ ನೀರು ಬರುತ್ತದೆ. ಪರೀಕ್ಷೆಗೆ ಒಳಗೆ ಒಂದು ಹಳೆ ಪತ್ರಿಕೆ ಇಟ್ಟು, ಬಕೆಟ್ ನೀರಿನಲ್ಲಿ ಒತ್ತಿ ಹಿಡಿಯಿರಿ. ಗುಳ್ಳೆ ಬಂದ ಜಾಗದಲ್ಲಿ ತೂತು ಇದೆ ಅಂತ ಅರ್ಥ. ಕಳೆದ ಸಲ ಒಂದು ಕಡೆ ಬಾಡಿಗೆಗೆ ಕೊಟ್ಟ ಚೀಲದ ತಳದ ಹೊಲಿಗೆಯೇ ಬಿಟ್ಟುಕೊಂಡಿತ್ತು. ಬಕೆಟ್‌ನಲ್ಲಿ ನೋಡಿದ್ದರಿಂದ ಹೊರಡುವ ಮುಂಚೆಯೇ ಗೊತ್ತಾಯಿತು.

ಸ್ಲೀಪಿಂಗ್ ಬ್ಯಾಗ್ ಮತ್ತು ಒಣ ಜೊತೆಗೆ ಇನ್ನೊಂದು ರಕ್ಷಣೆ ಬೇಕು. ಮೊದಲು ದಪ್ಪ ಪ್ಲಾಸ್ಟಿಕ್ ಕವರ್, ಅದರ ಮೇಲೆ ಡ್ರೈ ಬ್ಯಾಗ್.

ತುಂಗೆಯ ಮೊಮ್ಮಗ

ರಸಗೊಬ್ಬರದ ಚೀಲ ಬರುತ್ತದಲ್ಲ, ಒಳಗೆ ಪ್ಲಾಸ್ಟಿಕ್ ಇರುವುದು. ಬಾಯಿ ಮಡಚಿ ಕಟ್ಟಿದರೆ ಹನಿ ನೀರು ಹೋಗುವುದಿಲ್ಲ. ಎರಡು ಸಾವಿರ ಕೊಟ್ಟು ಯಾಕೆ ಕೊಳ್ಳಬೇಕು?

ಹರಿಗೋಲು

ಹನಿ ಮಳೆಗೆ ತಡೆಯುತ್ತದೆ. ದೋಣಿ ಮಗುಚಿ ಹತ್ತು ನಿಮಿಷ ನೀರಿನಲ್ಲಿ ತೇಲಿದರೆ ತಡೆಯುವುದಿಲ್ಲ. ಗೊಬ್ಬರ ತುಂಬಿದ್ದ ಚೀಲದಲ್ಲಿ ಊಟದ ಸಾಮಾನು ಅಂತೂ ಇಡಲೇಬೇಡಿ. ಕಡಿಮೆ ದುಡ್ಡಿಗೆ ಬೇಕಾದರೆ ಅಗಲ ಬಾಯಿಯ, ರಬ್ಬರ್ ವಾಷರ್ ಇರುವ ಪ್ಲಾಸ್ಟಿಕ್ ಡಬ್ಬ ನೋಡಿ. ಅಡುಗೆ ಸಾಮಾನಿಗೆ ಅದು ಡ್ರೈ ಬ್ಯಾಗ್‌ಗಿಂತ ಒಳ್ಳೆಯದು, ಇರುವೆಯೂ ಹೋಗುವುದಿಲ್ಲ.

ಸೀತಾನದಿ

ತುಂಬುವ ಕ್ರಮವನ್ನೂ ಹೇಳಿಬಿಡೋಣ. ಭಾರದ್ದು ನಿಮ್ಮ ಸೀಟಿನ ಹತ್ತಿರ, ತಳದಲ್ಲಿ. ಅಂದರೆ ನೀರು, ಅಕ್ಕಿ, ಒಲೆ. ಹಗುರದ್ದು ಎರಡು ತುದಿಗೆ, ಸ್ಲೀಪಿಂಗ್ ಬ್ಯಾಗ್ ಮತ್ತು ಬಟ್ಟೆ. ಎಡ ಬಲ ಸಮ ಇರಲಿ. ಮುಂದಿನ ತುದಿ ಭಾರ ಆದರೆ ಗಾಳಿಯಲ್ಲಿ ದೋಣಿ ತಿರುಗಿಸುವುದೇ ಕಷ್ಟ, ಹಿಂದೆ ಒಂದು ಚೂರು ಜಾಸ್ತಿ ಇದ್ದರೆ ಪರವಾಗಿಲ್ಲ. ಮೇಲೆ ಗುಡ್ಡೆ ಹಾಕಿ ಹಗ್ಗ ಕಟ್ಟಬೇಡಿ. ದೊಡ್ಡ ಹಿನ್ನೀರಿನಲ್ಲಿ ಮಧ್ಯಾಹ್ನದ ಮೇಲೆ ಗಾಳಿ ಏಳುವುದು ಸಾಮಾನ್ಯ, ಮೇಲಿನ ಗುಡ್ಡೆಯೇ ನಿಮ್ಮನ್ನು ಪಕ್ಕಕ್ಕೆ ಎಳೆಯುತ್ತದೆ. ಬೆಳಿಗ್ಗೆ ಬೇಗ ಹೊರಟು ಊಟದ ಹೊತ್ತಿಗೆ ದಡ ಸೇರಿ.

ಹೊರಡುವ ಹಿಂದಿನ ದಿನ ಎಲ್ಲವನ್ನೂ ದೋಣಿಗೆ ತುಂಬಿ ನೋಡಿ. ಹಿಡಿಸದೇ ಇದ್ದದ್ದನ್ನು ಅಲ್ಲೇ ಬಿಡಬೇಕು, ಮಡಿಲಲ್ಲಿ ಇಟ್ಟುಕೊಳ್ಳಬಾರದು.

ಖಡಕ್ ರೊಟ್ಟಿ

ಎಲ್ಲಾ ಹೇಳಿದಿರಿ, ಹೊಟ್ಟೆ ವಿಷಯ ಯಾರೂ ತೆಗೆಯಲಿಲ್ಲ ನೋಡ್ರಿ. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ. ಒಲೆ ಹಚ್ಚುವ ಕೆಲಸವೇ ಇಲ್ಲ. ವಾರ ಅಲ್ಲ, ತಿಂಗಳು ಇಟ್ಟರೂ ಕೆಡುವುದಿಲ್ಲ.

ಅವಲಕ್ಕಿ ಪ್ರಿಯ

ರೊಟ್ಟಿ ಕೆಡುವುದಿಲ್ಲ, ಆದರೆ ಪುಡಿಯಾಗುತ್ತದೆ. ಕಯಾಕ್ ಹ್ಯಾಚ್‌ನಲ್ಲಿ ಮೂರನೇ ದಿನಕ್ಕೆ ನುಚ್ಚು ಸಿಗುತ್ತದೆ. ಗೊಜ್ಜವಲಕ್ಕಿ ಪುಡಿ ಮಾಡಿಕೊಂಡು ಹೋಗಿ. ನೀರು ಚಿಮುಕಿಸಿ ಕಾಲು ಗಂಟೆ ಬಿಟ್ಟರೆ ಊಟ ರೆಡಿ.

ಖಡಕ್ ರೊಟ್ಟಿ

ದುಂಡನೆ ಸ್ಟೀಲ್ ಡಬ್ಬಿ ಅಳತೆಗೆ ಚಿಕ್ಕ ರೊಟ್ಟಿ ತಟ್ಟಿಸಿಕೊಳ್ಳಬೇಕು. ನಡುವೆ ಬಟ್ಟೆ ಹಾಕಿ ಜೋಡಿಸಿದರೆ ಒಂದೂ ಮುರಿಯುವುದಿಲ್ಲ. ಮುರಿದರೂ ಬಿಸಿ ಸಾರಿನಲ್ಲಿ ನೆನೆಸಿ ತಿನ್ನಿ, ಮುಟಗಿ ಹಂಗೆ ರುಚಿ ಇರುತ್ತದೆ.

ಅವಲಕ್ಕಿ ಪ್ರಿಯ

ಸ್ಟೀಲ್ ಡಬ್ಬಿಯ ತೂಕ ಯಾರು ಹೊರುವುದು? ಅದಿರಲಿ, ಲೆಕ್ಕ ಹೇಳುತ್ತೇನೆ. ಒಬ್ಬರಿಗೆ ದಿನಕ್ಕೆ ಒಣ ಸಾಮಾನು 600ರಿಂದ 700 ಗ್ರಾಂ ಸಾಕು. ಅವಲಕ್ಕಿ, ಅಕ್ಕಿ, ತೊಗರಿಬೇಳೆ ಬದಲು ಬೇಗ ಬೇಯುವ ಹೆಸರುಬೇಳೆ, ರಾಗಿ ಹುರಿಹಿಟ್ಟು, ಬೆಲ್ಲ, ಶೇಂಗಾ, ತುಪ್ಪ. ಅಂದರೆ ಮೂರು ದಿನಕ್ಕೆ ಎರಡು ಕಿಲೋ, ವಾರಕ್ಕೆ ಐದು ಕಿಲೋ ಹತ್ತಿರ. ನಾಲ್ಕು ಜನರ ಊಟವನ್ನು ಒಟ್ಟಿಗೆ ಗುಡ್ಡೆ ಹಾಕಬೇಡಿ. ದಿನಕ್ಕೊಂದು ಕವರ್ ಮಾಡಿ ಮೇಲೆ ದಿನದ ಹೆಸರು ಬರೆಯಿರಿ. ಇಲ್ಲದಿದ್ದರೆ ಮೊದಲ ರಾತ್ರಿಯೇ ಗೋಡಂಬಿ ಎಲ್ಲ ಖಾಲಿ ಆಗುತ್ತದೆ, ಕೊನೆ ದಿನ ಬರೀ ಅನ್ನ ಉಪ್ಪಿನಕಾಯಿ.

ಒಂದೇ ರಾತ್ರಿ ಆದರೆ ಇಷ್ಟೆಲ್ಲ ಬೇಡ. ಮನೆಯಿಂದ ಚಪಾತಿ, ಪುಳಿಯೋಗರೆ ತೆಗೆದುಕೊಂಡು ಹೋಗಿ. ಒಲೆ ಚಹಾಕ್ಕೆ ಮಾತ್ರ.

ಗ್ಯಾಸ್ ಒಲೆ

ಹಿನ್ನೀರ ಹಾದಿ ಅವರೇ, ಕುಡಿಯುವ ನೀರಿಗೆ ಏನು ಮಾಡುತ್ತೀರಿ?

ಹಿನ್ನೀರ ಹಾದಿ

ಒಂದು ರಾತ್ರಿಗೆ ಕ್ಯಾನ್ ಒಯ್ಯುತ್ತೇವೆ. ಮೂರು ರಾತ್ರಿಗೆ ಹಿನ್ನೀರನ್ನೇ ಕುದಿಸಿ ಕುಡಿಯೋಣ ಅಂತ.

ಗ್ಯಾಸ್ ಒಲೆ

ಆ ಲೆಕ್ಕ ಒಮ್ಮೆ ಕಾಗದದ ಮೇಲೆ ಹಾಕಿ ನೋಡಿ. ಒಂದು ಲೀಟರ್ ನೀರು ಕುದಿಯುವುದಕ್ಕೆ ಚಿಕ್ಕ ಒಲೆಯಲ್ಲಿ ಗಾಳಿ ಇಲ್ಲದಿದ್ದರೆ 12ರಿಂದ 15 ಗ್ರಾಂ ಗ್ಯಾಸ್ ಬೇಕು. ನಾಲ್ಕು ಜನ, ತಲೆಗೆ ಮೂರು ಲೀಟರ್, ದಿನಕ್ಕೆ 12 ಲೀಟರ್. ಬರೀ ಕುಡಿಯುವ ನೀರಿಗೇ 150ರಿಂದ 180 ಗ್ರಾಂ. 230 ಗ್ರಾಂನ ಗ್ಯಾಸ್ ಕ್ಯಾನ್ ಹೆಚ್ಚುಕಡಿಮೆ ದಿನಕ್ಕೊಂದು ಬೇಕಾಯಿತು, ಅಡುಗೆ ಬೇರೆ. ಜೊತೆಗೆ ಕುದಿಸಿದ ನೀರು ಆರುವವರೆಗೆ ಕಾಯಬೇಕು.

ನೂರು ಗ್ರಾಂ ತೂಕದ, ಚೀಲ ಹಿಂಡಿ ನೀರು ಸೋಸುವ ಫಿಲ್ಟರ್ ಒಂದು ಇದ್ದರೆ ಆ ಗ್ಯಾಸೆಲ್ಲ ಉಳಿಯಿತು. ಅದರಲ್ಲಿ ಬ್ಯಾಕ್ಟೀರಿಯಾ ನಿಲ್ಲುತ್ತದೆ, ವೈರಸ್ ನಿಲ್ಲುವುದಿಲ್ಲ. ಅದಕ್ಕೆ ಸೋಸಿದ ಮೇಲೆ ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಬಿಡಿ. ಕೆಂಪು ಮಣ್ಣಿನ ನೀರಾದರೆ ಮೊದಲು ಬಟ್ಟೆಯಲ್ಲಿ ಸೋಸಿ, ಇಲ್ಲದಿದ್ದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಹೀಗೆ ಮಾಡಿದರೆ ಮೂರು ರಾತ್ರಿಗೆ ನಾಲ್ಕು ಜನಕ್ಕೆ ಎರಡು ಕ್ಯಾನ್ ಧಾರಾಳ.

ಇನ್ನೊಂದು. ನಮ್ಮಲ್ಲಿ ಜಾಸ್ತಿ ಸಿಗುವುದು ಉದ್ದನೆಯ ಕ್ಯಾನ್, ಒಲೆಗೆ ಅಡ್ಡಲಾಗಿ ಸಿಕ್ಕಿಸುವುದು. ತಿರುಪು ಹಾಕುವ ಗುಂಡು ಕ್ಯಾನಿನ ಒಲೆಗೆ ಅದು ಕೂರುವುದಿಲ್ಲ. ಒಲೆ ಮತ್ತು ಕ್ಯಾನನ್ನು ಅಂಗಡಿಯಲ್ಲೇ ಒಟ್ಟಿಗೆ ಜೋಡಿಸಿ ನೋಡಿ. ರೈಲಿನಲ್ಲಿ, ವಿಮಾನದಲ್ಲಿ ಗ್ಯಾಸ್ ಒಯ್ಯುವಂತಿಲ್ಲ. ಕೆನಡಾಕ್ಕೆ ಹೋದಾಗ ಅಲ್ಲೇ ಕೊಳ್ಳಿ.

ಖಡಕ್ ರೊಟ್ಟಿ

ಅದಕ್ಕೇ ಹೇಳಿದ್ದು, ರೊಟ್ಟಿಗೆ ಗ್ಯಾಸೇ ಬೇಡ.

ತುಂಗೆಯ ಮೊಮ್ಮಗ

ಇಷ್ಟೆಲ್ಲ ತೂಕ ಇಳಿಸುತ್ತಿದ್ದೀರಿ, ಲೈಫ್ ಜಾಕೆಟ್ ಒಂದು ಬಿಟ್ಟರೆ ಆಯಿತಲ್ಲ. ಈಜು ಬರುವವರಿಗೆ ಯಾಕೆ? ನಮ್ಮ ಅಜ್ಜ ತುಂಗಭದ್ರೆಯಲ್ಲಿ ಹರಿಗೋಲು ಹಾಕುತ್ತಿದ್ದರು, ಆ ಜಾಕೆಟ್ ಅವರು ಕಂಡೇ ಇರಲಿಲ್ಲ.

ಸೀತಾನದಿ

ಈ ಮಾತು ಓದಿ ಸುಮ್ನೆ ಇರುವುದಕ್ಕೆ ಆಗುವುದಿಲ್ಲ. ನಿಮ್ಮ ಅಜ್ಜನಿಗೆ ಆ ಹೊಳೆಯ ಒಂದೊಂದು ಕಲ್ಲೂ ಗೊತ್ತಿತ್ತು. ಲಿಂಗನಮಕ್ಕಿ ಡ್ಯಾಮ್ 1964ರಲ್ಲಿ ಆದಾಗ ಕಾಡು, ತೋಟ, ಊರು ಎಲ್ಲಾ ಮುಳುಗಿದವು. ಆ ಮರದ ಬೊಡ್ಡೆಗಳು ಇವತ್ತಿಗೂ ನೀರಿನ ಕೆಳಗೆ ನಿಂತಿವೆ. ನೀರು ಇಳಿದಂತೆ ಒಂದು ಅಡಿ ಕೆಳಗೆ ಚೂಪು ಕೊರಡು ಇರುತ್ತದೆ, ಮೇಲಿನಿಂದ ಕಾಣುವುದಿಲ್ಲ. ಕಯಾಕ್ ಅದಕ್ಕೆ ತಾಗಿ ಮಗುಚಿದರೆ ತಲೆಗೆ ಏಟು ಬೀಳಬಹುದು. ಎಚ್ಚರ ತಪ್ಪಿದವನಿಗೆ ಈಜು ಬಂದರೇನು, ಬಾರದಿದ್ದರೇನು?

ಜಾಕೆಟ್ ಮೈಗೆ ಸರಿಯಾಗಿ ಕೂರಬೇಕು. ಎಲ್ಲ ಪಟ್ಟಿ ಬಿಗಿದ ಮೇಲೆ ಸ್ನೇಹಿತರಿಗೆ ಹೆಗಲಿನ ಹತ್ತಿರ ಹಿಡಿದು ಮೇಲಕ್ಕೆ ಎಳೆಯಲು ಹೇಳಿ. ಕಿವಿವರೆಗೆ ಬಂದರೆ ಅದು ದೊಡ್ಡದು, ಬೇರೆ ಕೇಳಿ. ಜಾಕೆಟ್‌ಗೆ ಒಂದು ಸೀಟಿ ಕಟ್ಟಿರಿ.

ಎರಡು ಗಂಟೆಯ ಟ್ರಿಪ್‌ಗೂ ಇದೇ ಮಾತು. ಸಾಲಿಗ್ರಾಮದ ಹತ್ತಿರ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಕಯಾಕ್ ಮಾಡುವುದಕ್ಕೆ ಬರುವವರು ಬರೀ ಫೋನ್ ಹಿಡಿದುಕೊಂಡು ಬರುತ್ತಾರೆ. ಸಂಜೆ ಸಮುದ್ರದ ಇಳಿತದ ಹೊತ್ತಿಗೆ ಕವಲಿನೊಳಗೆ ನೀರು ಕಡಿಮೆ ಆಗಿ ಕೆಸರಿನಲ್ಲಿ ಕೂತವರನ್ನು ನೋಡಿದ್ದೇನೆ. ಬರಿಗಾಲಿನಲ್ಲಿ ಇಳಿದರೆ ಚಿಪ್ಪು ಕೊಯ್ಯುತ್ತದೆ, ಕತ್ತಲಾದರೆ ದಾರಿ ಕಾಣುವುದಿಲ್ಲ. ಹಿಂಬದಿ ಪಟ್ಟಿ ಇರುವ ಚಪ್ಪಲಿ, ತಲೆಗೆ ಕಟ್ಟುವ ಲೈಟ್, ಒಂದು ಲೀಟರ್ ನೀರು, ಸೀಟಿ. ಅರ್ಧ ದಿನಕ್ಕೂ ಇಷ್ಟು ಬೇಕು.

ತುಂಗೆಯ ಮೊಮ್ಮಗ

ಬೊಡ್ಡೆ ವಿಷಯ ಗೊತ್ತಿರಲಿಲ್ಲ. ಹಾಗಿದ್ದರೆ ಹಾಕಲಿ.

ಸಾಗರದವಳು

ಗಾಳಿ ತುಂಬುವ ಕಯಾಕ್ ಇದ್ದವರು ಆ ಬೊಡ್ಡೆಗಳಿಗೆ ಇನ್ನೂ ಹುಷಾರಾಗಿರಬೇಕು. ಅಂಟಿಸುವ ಪ್ಯಾಚ್, ಪಂಪ್ ಎರಡೂ ದೋಣಿಯಲ್ಲೇ ಇರಲಿ, ಕಾರಿನಲ್ಲಿ ಅಲ್ಲ.

ಕಾಳಿ ತೀರ

ಡ್ಯಾಮ್ ಕೆಳಗಿನ ನದಿಯಲ್ಲಿ ಕ್ಯಾಂಪ್ ಮಾಡುವವರಿಗೂ ಒಂದು ಮಾತು. ಗಣೇಶಗುಡಿಯಲ್ಲಿ ಕಾಳಿ ನದಿಯ ನೀರು ಸೂಪಾ ಡ್ಯಾಮ್‌ನಿಂದ ಬಿಟ್ಟಂತೆ ಏರುತ್ತದೆ. ಮಧ್ಯಾಹ್ನ ಒಣಗಿದ್ದ ಬಂಡೆ ಸಂಜೆಗೆ ನೀರಿನಲ್ಲಿ ಇರಬಹುದು. ಟೆಂಟನ್ನು ಹಳೆಯ ನೀರಿನ ಗೆರೆಗಿಂತ ಮೇಲೆ ಹಾಕಿ. ದಾಂಡೇಲಿ ಕಡೆ ಮೊಸಳೆ ಇವೆ, ಪಾತ್ರೆ ತೊಳೆಯುವುದಕ್ಕೆ ಕತ್ತಲಲ್ಲಿ ನೀರಿಗೆ ಇಳಿಯಬೇಡಿ.

ಕಾಡಿನ ಕಾನೂನು

ಇಷ್ಟು ಓದಿದೆ, ಅನುಮತಿ ಬಗ್ಗೆ ಒಬ್ಬರೂ ಬರೆದಿಲ್ಲ. ಶರಾವತಿ ಹಿನ್ನೀರಿನ ಸುತ್ತ ಅಭಯಾರಣ್ಯದ ಜಾಗ ಇದೆ. ಕಂಡ ಗುಡ್ಡಕ್ಕೆಲ್ಲ ದೋಣಿ ಹಚ್ಚಿ ಟೆಂಟ್ ಹಾಕುವಂತಿಲ್ಲ, ಬೆಂಕಿಯಂತೂ ಹಾಕಲೇಬಾರದು. ಫೆಬ್ರವರಿಯಲ್ಲಿ ಹುಲ್ಲು ಒಣಗಿರುತ್ತದೆ, ಒಂದು ಕಿಡಿ ಸಾಕು. ಮೂರು ರಾತ್ರಿಯ ದಾರಿಯನ್ನು ಅರಣ್ಯ ಇಲಾಖೆಗೆ ತೋರಿಸಿ ಪತ್ರ ತೆಗೆದುಕೊಳ್ಳಿ. ಆ ಪತ್ರವೂ ಪಟ್ಟಿಯ ಸಾಮಾನೇ, ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ಇಟ್ಟುಕೊಳ್ಳಿ.

ಹಿನ್ನೀರ ಹಾದಿ

ಪತ್ರಕ್ಕೆ ಅರ್ಜಿ ಹಾಕುತ್ತಿದ್ದೇವೆ. ಸಿಗದಿದ್ದರೆ ಮೂರು ರಾತ್ರಿಯೂ ಹೊನ್ನೆಮರಡುವಿನಲ್ಲೇ ಉಳಿದು, ಹಗಲು ಮಾತ್ರ ನೀರಿಗೆ ಇಳಿಯುತ್ತೇವೆ. ಬೆಂಕಿ ಇಲ್ಲ, ಗ್ಯಾಸ್ ಮಾತ್ರ.

ಈಗ ಕೆನಡಾ ಕಥೆ ಯಾರಾದರೂ ಹೇಳಿ.

ಒಂಟಾರಿಯೊ ಒಗ್ಗರಣೆ

ನಾನು ಹೇಳುತ್ತೇನೆ, ಪ್ರತಿ ಬೇಸಿಗೆ ನಾವು ಆಲ್ಗಾಂಕ್ವಿನ್‌ಗೆ ಹೋಗುತ್ತೇವೆ.

ಮೊದಲು ತಿಳಿಯಬೇಕಾದ್ದು ಪೋರ್ಟೇಜ್. ಅಲ್ಲಿ ಒಂದು ಕೆರೆಯಿಂದ ಇನ್ನೊಂದು ಕೆರೆಗೆ ಕಾಡಿನ ದಾರಿಯಲ್ಲಿ ದೋಣಿಯನ್ನೂ ಸಾಮಾನನ್ನೂ ಹೊತ್ತು ನಡೆಯಬೇಕು. ಹಗುರದ ಕೆವ್ಲಾರ್ ಕನೂ ಸುಮಾರು 20 ಕೆ.ಜಿ. ಇರುತ್ತದೆ, ಒಬ್ಬರು ತಲೆಕೆಳಗು ಮಾಡಿ ಹೆಗಲ ಮೇಲೆ ಹೊರುತ್ತಾರೆ. ಸಾಮಾನು ಒಂದೇ ಸಲಕ್ಕೆ ಮುಗಿಯದೆ ಎರಡು ಸಲ ಹೊರಬೇಕಾಯಿತು ಅಂದರೆ, ಒಂದು ಕಿ.ಮೀ. ಪೋರ್ಟೇಜ್ ಮೂರು ಕಿ.ಮೀ. ಆಗುತ್ತದೆ. ಹೊತ್ತು ಹೋಗಿ, ಬರಿಗೈಯಲ್ಲಿ ಬಂದು, ಮತ್ತೆ ಹೊತ್ತು ಹೋಗಬೇಕಲ್ಲ. ಕಯಾಕ್‌ನಲ್ಲಿ ಜಾಗ ಹಿಡಿಸುತ್ತದೋ ಇಲ್ಲವೋ ಅನ್ನುವುದು ಚಿಂತೆ, ಇಲ್ಲಿ ಬೆನ್ನು ಹೊರುತ್ತದೋ ಇಲ್ಲವೋ ಅನ್ನುವುದು. ಹಾಗಾಗಿ ಚಿಕ್ಕ ಚಿಕ್ಕ ಐದು ಚೀಲ ಇಲ್ಲಿ ಬೇಡ. ತಲೆಗೊಂದು ದೊಡ್ಡ ಬೆನ್ನುಚೀಲ, ಊಟಕ್ಕೆ ಒಂದು ನೀಲಿ ಬ್ಯಾರೆಲ್, ಕೈಯಲ್ಲಿ ಏನೂ ಜೋತಾಡಬಾರದು.

ಪಾರ್ಕ್ ಒಳಭಾಗಕ್ಕೆ ತವರದ ಡಬ್ಬಿ, ಗಾಜಿನ ಬಾಟಲಿ ಒಯ್ಯುವಂತಿಲ್ಲ. ಉಪ್ಪಿನಕಾಯಿ, ತುಪ್ಪ ಪ್ಲಾಸ್ಟಿಕ್ ಡಬ್ಬಿಗೆ ಹಾಕಿಕೊಳ್ಳಿ. ಒಂದು ಸೈಟ್‌ನಲ್ಲಿ 9 ಜನಕ್ಕಿಂತ ಜಾಸ್ತಿ ಇರುವಂತಿಲ್ಲ. ದೋಣಿಯಲ್ಲಿ ಲೈಫ್ ಜಾಕೆಟ್, ಸೀಟಿ, ನೀರು ಹೊರಹಾಕುವ ಚೊಂಬು, 15 ಮೀಟರ್ ತೇಲುವ ಹಗ್ಗ ಇಟ್ಟುಕೊಳ್ಳಬೇಕು, ಅದು ಇಲ್ಲಿನ ಕಾನೂನು. ದೋಣಿ ಬಾಡಿಗೆಗೆ ಕೊಡುವವರು ಸಾಮಾನ್ಯವಾಗಿ ಒಂದು ಕಿಟ್‌ನಲ್ಲಿ ಹಾಕಿ ಕೊಡುತ್ತಾರೆ, ಆದರೂ ತೆರೆದು ನೋಡಿ.

ಕರಡಿ ಇದೆ. ಊಟ, ಹಲ್ಲುಜ್ಜುವ ಪೇಸ್ಟ್, ಸೋಪು, ಕಸ ಎಲ್ಲವನ್ನೂ ರಾತ್ರಿ ಮರಕ್ಕೆ ತೂಗು ಹಾಕಬೇಕು. ನೆಲದಿಂದ ನಾಲ್ಕು ಮೀಟರ್ ಮೇಲೆ, ಕಾಂಡದಿಂದ ದೂರ. ಟೆಂಟ್ ಒಳಗೆ ಚಕ್ಕುಲಿಯ ಚೂರೂ ಇರಬಾರದು. ಒಗ್ಗರಣೆ ಹಾಕಿದ ಅಂಗಿಯಲ್ಲೇ ಮಲಗಬೇಡಿ.

ಆಗಸ್ಟ್ ಒಳ್ಳೆಯ ತಿಂಗಳು. ಮೇ, ಜೂನ್‌ನ ಕಪ್ಪು ನೊಣ, ಸೊಳ್ಳೆ ಕಾಟ ಕಡಿಮೆ ಆಗಿರುತ್ತದೆ. ಆದರೆ ರಾತ್ರಿ 10 ಡಿಗ್ರಿವರೆಗೆ ಇಳಿಯಬಹುದು, ಫ್ಲೀಸ್ ಮತ್ತು ಉಲನ್ ಟೋಪಿ ಇರಲಿ.

ಹಿನ್ನೀರ ಹಾದಿ

ಬ್ಯಾಟರಿ ಎಷ್ಟು ಬೇಕು ವಾರಕ್ಕೆ?

ಒಂಟಾರಿಯೊ ಒಗ್ಗರಣೆ

20,000 ಎಂಎಎಚ್ ಪವರ್ ಬ್ಯಾಂಕ್ ಒಂದು ಸಾಕು. ಅದು 74 ವ್ಯಾಟ್ ಅವರ್, ವಿಮಾನದ 100 ವ್ಯಾಟ್ ಅವರ್ ಮಿತಿಯೊಳಗೆ ಬರುತ್ತದೆ. ಕೈಚೀಲದಲ್ಲೇ ಇಡಬೇಕು, ಚೆಕ್‌ಇನ್ ಬ್ಯಾಗ್‌ನಲ್ಲಿ ಬಿಡುವುದಿಲ್ಲ. ಒಂದು ಫೋನ್ ಮೂರು ಸಲ ತುಂಬುತ್ತದೆ. ಪಾರ್ಕ್ ಒಳಗೆ ಸಿಗ್ನಲ್ ಇರುವುದಿಲ್ಲ, ಫೋನ್ ಏರ್‌ಪ್ಲೇನ್ ಮೋಡ್‌ನಲ್ಲಿ ಇಟ್ಟರೆ ಕ್ಯಾಮೆರಾಕ್ಕೆ ಮಾತ್ರ ಬ್ಯಾಟರಿ ಖರ್ಚು. ನಕ್ಷೆ ಕಾಗದದ್ದು ಬೇಕು, ನೀರು ತಾಗದ ಕಾಗದದ್ದೇ ಸಿಗುತ್ತದೆ.

ಹಿನ್ನೀರ ಹಾದಿ

ನೀವೆಲ್ಲ ಹೇಳಿದಂತೆ ಮತ್ತೆ ಕಟ್ಟಿ ತೂಕ ಹಾಕಿದೆ. ಜೀನ್ಸ್, ದೊಡ್ಡ ಟವೆಲ್, ಎರಡು ಜೊತೆ ಬಟ್ಟೆ, ಮಡಚುವ ಕುರ್ಚಿ, ಎರಡನೇ ಪಾತ್ರೆ ಹೊರಗೆ ಹೋದವು. ಫಿಲ್ಟರ್, ಚಿಮಟ, ಉದ್ದ ಸಾಕ್ಸ್, ಪ್ಯಾಚ್ ಒಳಗೆ ಬಂದವು. ಇಬ್ಬರಿಗೆ ಒಂದು ಟೆಂಟ್ ಅಂತ ಹಂಚಿಕೊಂಡೆವು. ಮೂರು ರಾತ್ರಿಯ ಊಟ ಸೇರಿಯೂ ತಲೆಗೆ 11 ಕೆ.ಜಿ. ಇದೆ. ಒಂದು ರಾತ್ರಿಗೆ 9.

ಕೆನಡಾಕ್ಕೆ ಇಲ್ಲಿಂದ ಏನು ತರಲಿ, ಅಲ್ಲಿ ಏನು ಬಾಡಿಗೆಗೆ ತೆಗೆದುಕೊಳ್ಳಲಿ?

ಕಾಳಿ ತೀರ

ಮಡಚುವ ಕುರ್ಚಿಯನ್ನು ಒಂದು ರಾತ್ರಿಗೆ ಬೇಕಾದರೆ ಇಟ್ಟುಕೊಳ್ಳಿ, ಕಾರು ಪಕ್ಕದಲ್ಲೇ ಇರುತ್ತದಲ್ಲ.

ಖಡಕ್ ರೊಟ್ಟಿ

ಊಟ ಏನು ಇಟ್ಟಿರಿ?

ಹಿನ್ನೀರ ಹಾದಿ

ಬೆಳಿಗ್ಗೆ ಗೊಜ್ಜವಲಕ್ಕಿ, ಮಧ್ಯಾಹ್ನ ರೊಟ್ಟಿ ಚಟ್ನಿಪುಡಿ, ರಾತ್ರಿ ಹೆಸರುಬೇಳೆ ಕಿಚಡಿ.

ಒಂಟಾರಿಯೊ ಒಗ್ಗರಣೆ

ಕನೂ, ಬ್ಯಾರೆಲ್, ಟೆಂಟ್, ಸ್ಲೀಪಿಂಗ್ ಬ್ಯಾಗ್, ಒಲೆ ಎಲ್ಲ ಇಲ್ಲೇ ಬಾಡಿಗೆಗೆ ಸಿಗುತ್ತವೆ, ವಾರಕ್ಕೆ ತೆಗೆದುಕೊಂಡರೆ ದಿನದ ದರ ಕಡಿಮೆ. ನೀವು ತರಬೇಕಾದ್ದು ಕಾಲಿಗೆ ಹೊಂದಿಕೊಂಡ ಹಳೆ ಶೂ, ಎರಡು ಜೊತೆ ಬಟ್ಟೆ, ಫಿಲ್ಟರ್, ಚಟ್ನಿಪುಡಿ. ವಿಮಾನ ಇಳಿದ ಮೇಲೆ ತಿಂಡಿ ಸಾಮಾನು ಇದೆ ಅಂತ ಕಸ್ಟಮ್ಸ್‌ನವರಿಗೆ ಹೇಳಿಬಿಡಿ, ಮುಚ್ಚಿಟ್ಟರೆ ದಂಡ. ಸೈಟ್ ಬುಕಿಂಗ್ ತೆರೆದ ದಿನವೇ ತಮ್ಮನಿಗೆ ಕೂರಲು ಹೇಳಿ. ಆಗಸ್ಟ್ ವಾರಾಂತ್ಯಗಳು ಬೇಗ ಮುಗಿಯುತ್ತವೆ, ಮಂಗಳವಾರ ಹೊರಡುವ ಹಾಗೆ ನೋಡಿ.